ಬೆಳಕಿಗೆ ಹಿಡಿದ ಕಾಗದ

ಹೇಳಿಬಿಡಬೇಕು, ಅರ್ಧ ಆಟ ಮುಗಿಯುವುದರೊಳಗೆ ಹೇಳಿಬಿಡಬೇಕು, ಹೇಳದೆ ಮೈದಾನಕ್ಕೆ ಇಳಿಯಕೂಡದು ಎಂದು ಎಡಗಾಲಿನ ಬೂಟಿನ ದಾರ ಕಟ್ಟುವಾಗ ಮಲಾಕಿ ಗಿಲ್‌ಹೂಲಿ ಗಟ್ಟಿಯಾಗಿ ನಿಶ್ಚಯಿಸಿದ. ಬಲಗಾಲಿಗೆ ಬರುವಷ್ಟರಲ್ಲಿ ಆ ನಿಶ್ಚಯ ಸಡಿಲವಾಗಿತ್ತು. ಎಪ್ಪತ್ತೈದು ವರ್ಷದವನಿಗೆ ಬಗ್ಗಿ ದಾರ ಕಟ್ಟುವುದೇ ಒಂದು ಕೆಲಸ, ಅದರ ನಡುವೆ ಈ ಧರ್ಮಸಂಕಟ ಬೇರೆ. ಅಡುಗೆಮನೆಯಲ್ಲಿ ಹೆಂಡತಿ ನೋರೀನ್ ಸಾಸೇಜು ಹುರಿಯುತ್ತ, ಚರ್ಚಿನಲ್ಲಿ ಹಾಡಿದ್ದನ್ನೇ ಇನ್ನೂ ಗುನುಗುತ್ತಿದ್ದಳು. ಐವತ್ತು ವರ್ಷದ ಹಿಂದೆ ಕೌಂಟಿಯ ಐರಿಷ್ ಫುಟ್‌ಬಾಲ್ ಚಾಂಪಿಯನ್‌ಶಿಪ್ ಗೆದ್ದ ತಂಡವನ್ನು ಈ ವರ್ಷದ ಫೈನಲಿನ ಅರ್ಧ ವಿರಾಮದಲ್ಲಿ ಮೈದಾನದ ನಡುವೆ ನಿಲ್ಲಿಸಿ, ಒಬ್ಬೊಬ್ಬರ ಹೆಸರು ಕೂಗಿ, ಚಪ್ಪಾಳೆ ತಟ್ಟಿಸುವುದು ವಾಡಿಕೆ. ಐವತ್ತು ವರ್ಷದ ಹಿಂದೆ ಗೆದ್ದವರು ಮಲಾಕಿಯ ಊರಾದ ಕಿಲ್ನವಾರದವರು. ಅದಕ್ಕೆ ಮೊದಲು ಗೆದ್ದಿರಲಿಲ್ಲ, ಆಮೇಲೂ ಗೆಲ್ಲಲಿಲ್ಲ. ಹೀಗಾಗಿ ಊರಿನ ಪಾಲಿಗೆ ಇತಿಹಾಸವೆಂದರೆ ಅದೊಂದೇ ಭಾನುವಾರ, ಮಿಕ್ಕಿದ್ದೆಲ್ಲ ಅದರ ಹಿಂದಿನದು ಅಥವಾ ಮುಂದಿನದು. ಆ ತಂಡದ ಇಪ್ಪತ್ತನೇ ನಂಬರಿನ ಅಂಗಿ ಮಲಾಕಿಯದು.

"ಏನು ಮಲಾಕಿ, ಮದುವೆ ದಿನಾನೂ ಇಷ್ಟು ಹೊತ್ತು ತಯಾರಾಗಿರ್ಲಿಲ್ಲ ನೀನು," ಎಂದಳು ನೋರೀನ್. "ಅವತ್ತು ಹತ್ತೇ ನಿಮಿಷ. ಅದೂ ಫಾದರ್ ಕಾಯ್ತಿದಾರೆ ಅಂತ ಹೇಳಿ ಕಳಿಸಿದ ಮೇಲೆ."

"ಅವತ್ತು ಯಾರೂ ಚಪ್ಪಾಳೆ ತಟ್ಟೋರಿರ್ಲಿಲ್ಲ."

"ತಟ್ಟೋ ಹಾಗೆ ಏನು ಮಾಡಿದ್ದೆ? ತಿನ್ನು, ತಣ್ಣಗಾಗುತ್ತೆ."

ತಟ್ಟೋ ಹಾಗೆ ಏನು ಮಾಡಿದ್ದೆ. ಅವಳು ಸುಮ್ಮನೆ ಆಡಿದ ಮಾತು, ಆದರೆ ಇವನು ಸಾಸೇಜು ಚುಚ್ಚಿದ ಫೋರ್ಕನ್ನು ತಟ್ಟೆಗೆ ಇಳಿಸಿದ. ಮಾಡಿದ್ದು ಇದೆ, ಅದನ್ನು ಯಾರಿಗೂ ಹೇಳಲಾಗದು, ಅದೇ ಅಲ್ಲವೆ ಗೋಳು. ಆ ಫೈನಲ್ ಮುಗಿದ ಮಂಗಳವಾರ ಪೇಟೆಯ ಬ್ರಿಜ್ ಸ್ಟ್ರೀಟಿನ ಕಾಗದ ಪೆನ್ನಿನ ಅಂಗಡಿಯಲ್ಲಿ ಇವನು ಗಲ್ಲೆಯ ಹಿಂದೆ ನಿಂತಿದ್ದ. ಆಗ ಇಪ್ಪತ್ತೈದು ವರ್ಷ, ಕೊರಳಿಗೆ ಟೈ, ಮೈಯಲ್ಲಿ ಎರಡು ದಿನದ ಬಿಯರು. ಬಾಗಿಲ ಗಂಟೆ ಟಿಣ್ ಎಂದಿತು, ಅಟ್ರಾಕ್ಟಾ ಬಾಯ್ಲನ್ ಒಳಗೆ ಬಂದಳು. ಸೋತ ಊರು ಡ್ರಮ್‌ಕೀಲಿನ ಕ್ಲಬ್ಬಿಗೆ ಆ ವರ್ಷವಷ್ಟೇ ಕಾರ್ಯದರ್ಶಿಯಾದ ಶಾಲೆಯ ಮೇಡಂ. ಇಡೀ ಕೌಂಟಿಯಲ್ಲಿ ಆ ಕುರ್ಚಿಯ ಮೇಲೆ ಕೂತ ಮೊದಲ ಹೆಂಗಸು. ಹೊರಗೆ ಡ್ರಮ್‌ಕೀಲಿನ ಅಧ್ಯಕ್ಷ ಬಾರ್ಟ್ ಕಾರಿನಲ್ಲಿ ಕೂತು ಹಾರ್ನ್ ಒತ್ತುತ್ತಿದ್ದ. "ಐರಿಷ್ ಕಾಗದ ಬೇಕು," ಎಂದಳು ಅವಳು, ಇವನ ಮುಖ ನೋಡದೆ. ಇಷ್ಟು ಸಾಕಾಗಿತ್ತು, ಮಲಾಕಿಗೆ ಎಲ್ಲ ತಿಳಿದುಹೋಯಿತು. ಕಿಲ್ನವಾರ ಗೆದ್ದದ್ದು ಒಂದೇ ಒಂದು ಪಾಯಿಂಟಿನಿಂದ. ಮೂರು ಪಾಯಿಂಟು ತರುವ ಗೋಲು ಹೊಡೆದವನು ಕಾನ್ ಮಗೋವನ್. ಆ ಕಾನ್ ಜೂನ್ ತಿಂಗಳಲ್ಲಿ ಡಬ್ಲಿನ್ನಿನ ಒಂದು ಕ್ಲಬ್ಬಿಗೂ ಆಡಿ ಬಂದಿದ್ದ, ಒಂದು ವರ್ಷದಲ್ಲಿ ಎರಡು ಕ್ಲಬ್ಬಿಗೆ ಆಡುವ ಹಾಗಿಲ್ಲ. ಅದು ಡ್ರಮ್‌ಕೀಲಿನವರ ಕಿವಿಗೆ ಬಿದ್ದಿತ್ತು. ತಕರಾರು ಅರ್ಜಿ ಹೋದರೆ ಗೆದ್ದ ಕಪ್ಪು ಕೈಬಿಟ್ಟು ಹೋದಂತೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಜಿ ಈ ದೇಶದ ಗಿರಣಿಯಲ್ಲಾದ ಕಾಗದದ ಮೇಲೆಯೇ ಇರಬೇಕೆಂದು ನಿಯಮ. ಬೆಳಕಿಗೆ ಹಿಡಿದರೆ ಕಾಗದದ ಒಡಲಿನಲ್ಲಿ ಗಿರಣಿಯ ಗುರುತು ಕಾಣಬೇಕು, ಕಾಣದಿದ್ದರೆ ಒಳಗೆ ಏನು ಬರೆದಿದೆ ಎಂದು ಕೂಡ ಓದದೆ ಕಸದ ಬುಟ್ಟಿಗೆ. ಇಂಗ್ಲಿಷರನ್ನು ಓಡಿಸಿದ ಕಾಲದಲ್ಲಿ ಹುಟ್ಟಿದ ನಿಯಮ, ಯಾರಿಗೂ ತೆಗೆದುಹಾಕುವ ಧೈರ್ಯ ಇರಲಿಲ್ಲ. ಮಲಾಕಿಯ ಬೆನ್ನ ಹಿಂದಿನ ಹಲಗೆಯ ಮೇಲೆ ಕಾಗದದ ಎರಡು ಅಡಕಲುಗಳಿದ್ದವು. ಬಲಗಡೆಯದು ಐರಿಷ್, ಎಡಗಡೆಯದು ಮ್ಯಾಂಚೆಸ್ಟರಿನಿಂದ ಬಂದದ್ದು. ನೋಡಲು ಅಣ್ಣತಮ್ಮಂದಿರ ಹಾಗಿದ್ದವು. ಅವನ ಕೈ ಎಡಗಡೆಗೆ ಹೋಯಿತು. ಕೈ ತಾನಾಗಿಯೇ ಹೋಯಿತು ಎಂದು ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡಿದ್ದಾನೆ. ಸುಳ್ಳು. ಕೈ ಹೋಗುವ ಮೊದಲು ಒಂದು ಗಳಿಗೆ ಬಲಗಡೆಯ ಅಡಕಲನ್ನು ನೋಡಿದ್ದು ಅವನಿಗೆ ಚೆನ್ನಾಗಿ ನೆನಪಿದೆ.

ಆಮೇಲಿನದು ಇಡೀ ಕೌಂಟಿಗೆ ಗೊತ್ತು. ಸಭೆಯಲ್ಲಿ ಅರ್ಜಿಯನ್ನು ದೀಪಕ್ಕೆ ಹಿಡಿದರು, ತಿರುಗಿಸಿ ಹಿಡಿದರು, ತಲೆಕೆಳಗು ಮಾಡಿ ಹಿಡಿದರು, ಗುರುತು ಇರಲಿಲ್ಲ. ಕಪ್ಪು ಕಿಲ್ನವಾರದಲ್ಲೇ ಉಳಿಯಿತು. ಅಟ್ರಾಕ್ಟಾ ಅದೇ ವಾರ ಕಾರ್ಯದರ್ಶಿತನ ಬಿಟ್ಟಳು. ಅಂದಿನಿಂದ ಡ್ರಮ್‌ಕೀಲಿನವರು ಯಾವ ಊರಿಗೆ ಆಡಲು ಹೋದರೂ ಜನ ಕೈಗೆ ಸಿಕ್ಕಿದ್ದನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವುದು ಶುರುವಾಯಿತು: ಬಸ್ ಟಿಕೆಟ್ಟು, ಕರವಸ್ತ್ರ, ಹ್ಯಾಮು ಇಟ್ಟ ಬ್ರೆಡ್ಡಿನ ತುಂಡು. ಅವಳ ಮದುವೆಯ ಊಟದಲ್ಲಿ ಕೂಡ ಯಾರೋ ಪುಣ್ಯಾತ್ಮ ಆಹ್ವಾನ ಪತ್ರಿಕೆಯನ್ನು ಮೇಣದ ಬತ್ತಿಗೆ ಹಿಡಿದನಂತೆ, ಮದುಮಗಳೇ ಎಲ್ಲರಿಗಿಂತ ಜೋರಾಗಿ ನಕ್ಕಳಂತೆ. ಆ ಸುದ್ದಿ ಕೇಳಿ ಕಿಲ್ನವಾರವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಮಲಾಕಿ ಮಾತ್ರ ಎದ್ದು ಹಿತ್ತಲಿಗೆ ಹೋಗಿ ನಾಯಿಗೆ ಅನ್ನ ಹಾಕಿದ. ನಾಯಿಗೆ ಆಗಲೇ ಹಾಕಿ ಆಗಿತ್ತು. ಒಮ್ಮೆ ಚರ್ಚಿನಲ್ಲಿ ಪಾಪನಿವೇದನೆಗೆಂದು ಮೊಣಕಾಲೂರಿ ಎಲ್ಲವನ್ನೂ ಫಾದರಿಗೆ ಹೇಳಿಯೂ ನೋಡಿದ. ಪರದೆಯ ಆಚೆಗೆ ಬೆಂಚು ಅಲುಗುವಂಥ ಒಂದು ಸದ್ದು. ಫಾದರೂ ಕಿಲ್ನವಾರದವರೇ, ನಗು ತಡೆಯುತ್ತಿದ್ದರು. "ಮೂರು ಜಪ ಮಾಡಪ್ಪ," ಎಂದರು, "ಕಾಗದದ ವ್ಯಾಪಾರದಲ್ಲಿ ಇಂಥದ್ದೆಲ್ಲ ಇದ್ದದ್ದೇ." ಮಲಾಕಿ ಮೂವತ್ತು ಮಾಡಿದ. ಆದರೂ ಪ್ರತಿ ಆಗಸ್ಟಿನಲ್ಲಿ ಶಾಲೆಗೆ ನೋಟ್‌ಬುಕ್ಕು ಕೊಳ್ಳಲು ಅಟ್ರಾಕ್ಟಾ ಅಂಗಡಿಗೆ ಬಂದಾಗ ಇವನ ಕಿವಿ ಕೆಂಪಾಗುತ್ತಿತ್ತು. ಎರಡು ನೋಟ್‌ಬುಕ್ಕು ಹೆಚ್ಚಿಗೆ ಹಾಕಿ ಕಟ್ಟುತ್ತಿದ್ದ. ಮಾರನೆಯ ದಿನ ಅವಳು ತಪ್ಪದೆ ತಂದು ಗಲ್ಲೆಯ ಮೇಲಿಟ್ಟು, "ಎರಡು ಜಾಸ್ತಿ ಇದೆ ಮಲಾಕಿ, ನನ್ನ ಒಂದನೇ ಕ್ಲಾಸಿಗೆ ಬಂದು ಕೂತ್ಕೋ, ಎಣಿಸೋದು ಹೇಳಿಕೊಡ್ತೀನಿ," ಎನ್ನುತ್ತಿದ್ದಳು.

ಕಾರು ಓಡಿಸಿದ್ದು ನೋರೀನ್. ದಾರಿಯುದ್ದಕ್ಕೂ ಬೇಲಿಗಳ ಮೇಲೆ ಡ್ರಮ್‌ಕೀಲಿನ ಕೆಂಪು ಬಾವುಟಗಳು. ಇವತ್ತಿನ ಫೈನಲ್ ಅವರಿಗೂ ಪೇಟೆಯ ತಂಡಕ್ಕೂ. ಆ ಸೋಲಿನ ನಂತರ ಡ್ರಮ್‌ಕೀಲ್ ಫೈನಲಿಗೆ ಬಂದದ್ದು ಇದೇ ಮೊದಲು. ಯಾರದೋ ಹೊಲದಲ್ಲಿ ಕಾರು ನಿಲ್ಲಿಸಿ, ಕೆಸರಿನಲ್ಲಿ ಕಾಲೆಳೆದುಕೊಂಡು ಗೇಟಿಗೆ ಬಂದರೆ ಕಿಲ್ನವಾರ ಕ್ಲಬ್ಬಿನ ಈಗಿನ ಅಧ್ಯಕ್ಷ ಡೆಕ್ಲನ್ ಕೈಯಲ್ಲಿ ಪಟ್ಟಿ ಹಿಡಿದು ಮುದುಕರನ್ನು ಎಣಿಸುತ್ತಿದ್ದ. ಇದ್ದವರು ಹನ್ನೆರಡು ಮಂದಿ. ಕಾನ್ ಮಗೋವನ್ ಬಾಸ್ಟನ್ನಿನಲ್ಲಿ ಮಣ್ಣಾಗಿ ಹತ್ತು ವರ್ಷವಾಯಿತು. ಗೋಲುಗಂಬ ಕಾಯುತ್ತಿದ್ದವನು ಎರಡು ಕೋಲೂರಿಕೊಂಡು ಬಂದಿದ್ದ. ಡೆಕ್ಲನ್ ಇವನ ಬೆನ್ನು ತಟ್ಟಿ, "ಬನ್ನಿ ಬನ್ನಿ ಮಲಾಕಿ. ಅರ್ಧ ವಿರಾಮದ ಸೀಟಿ ಊದಿದ ತಕ್ಷಣ ಮೈದಾನಕ್ಕೆ ಇಳಿಯೋ ಸುರಂಗದ ಬಾಗಿಲಲ್ಲಿರ್ಬೇಕು. ಎಲ್ಲೂ ಕಳೆದುಹೋಗ್ಬೇಡಿ, ನಿಮ್ಮ ವಯಸ್ಸಿನವರನ್ನ ಹುಡುಕೋದು ಕಷ್ಟ," ಎಂದ. ಮಲಾಕಿ ತಲೆಯಾಡಿಸಿದ. ಐವತ್ತು ವರ್ಷ ಪಬ್ಬಿನಲ್ಲಿ ಇದೇ ಮಂದಿ ತಾವು ಹಿಡಿದ ಚೆಂಡು, ತಾವು ತಿಂದ ಒದೆ, ತಾವು ತಡೆದ ಹೊಡೆತಗಳ ಕತೆ ಹೇಳುವಾಗ ಇವನು ಮೂಲೆಯಲ್ಲಿ ಕೂತು ತನ್ನ ಲೋಟವನ್ನು ನೋಡುತ್ತಿದ್ದ. ಪಾಪ, ಬೆಂಚು ಬಿಟ್ಟು ಏಳಲೇ ಇಲ್ಲ, ಬೇಜಾರಿರಬೇಕು ಎಂದು ಅವರು ಒಂದು ಸುತ್ತು ಇವನಿಗೂ ಕೊಡಿಸುತ್ತಿದ್ದರು. ಇವನು ಕುಡಿಯುತ್ತಿದ್ದ. ನಿಮಗೇನು ಗೊತ್ತು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದ.

ಆಟ ಶುರುವಾಗಿ ಇಪ್ಪತ್ತು ನಿಮಿಷ ಅವನು ಡ್ರಮ್‌ಕೀಲಿನವರು ಕೂತ ಕಡೆ ಕೆಂಪು ಟೊಪ್ಪಿಗಳನ್ನೇ ಹುಡುಕಿದ. ಅವಳಿರಲಿಲ್ಲ. ಬಂದಿಲ್ಲವೇನೋ ಎಂದು ಮೊದಲು ಎದೆ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಬಂದಿಲ್ಲದಿದ್ದರೆ ಹೇಳಲಾಗುವುದಿಲ್ಲ, ಹೇಳಲಾಗದಿದ್ದರೆ ಮೈದಾನಕ್ಕೆ ಇಳಿಯುವಂತಿಲ್ಲ, ಇಳಿಯದಿದ್ದರೆ ನೋರೀನಿಗೆ ಏನೆಂದು ಹೇಳುವುದು? ಹೊಟ್ಟೆನೋವು? ಅವಳು ನಂಬುವವಳಲ್ಲ. ಅವನು ಎದ್ದು ಚಹಾದ ನೆಪದಲ್ಲಿ ಸ್ಟ್ಯಾಂಡಿನ ಹಿಂಭಾಗಕ್ಕೆ ಬಂದು ಒಂದು ಲೋಟ ಕೊಂಡ. ಅಲ್ಲಿ, ಸಿಮೆಂಟಿನ ಗೋಡೆಗೆ ಮುಖ ಮಾಡಿ, ಮೈದಾನಕ್ಕೆ ಬೆನ್ನು ಹಾಕಿ, ಕೊರಳಲ್ಲಿ ಕೆಂಪು ಶಾಲು ಸುತ್ತಿಕೊಂಡು ಅಟ್ರಾಕ್ಟಾ ನಿಂತಿದ್ದಳು. ಶಿಕ್ಷೆಗೆ ನಿಲ್ಲಿಸಿದ ಶಾಲೆಯ ಹುಡುಗಿಯ ಹಾಗೆ.

"ಯಾರದು?" ಎಂದಳು ತಿರುಗದೆಯೇ. "ಯಾರಾದ್ರೂ ಸರಿ, ಆ ಮೂಲೆಗೆ ಹೋಗಿ ನೋಡಿ ಹೇಳಿ. ಫ್ರೀ ಕಿಕ್ ನಮ್ಮದೋ ಅವರದೋ?"

"ನಾನು, ಮಲಾಕಿ." ಅವನು ಮೂಲೆಗೆ ಹೋಗಿ ಇಣುಕಿದ. " ನಿಮ್ಮದು. ಹನ್ನೊಂದನೇ ನಂಬರಿನವನು ಚೆಂಡು ಇಡ್ತಿದಾನೆ."

"ಗಾಳಿ?"

"ಎದುರಿಗೆ."

"ಅಯ್ಯೋ ದೇವರೇ. ನೋಡ್ತಿರು. ನನಗೆ ಫ್ರೀ ಕಿಕ್ ನೋಡಕ್ಕಾಗಲ್ಲ. ನಮ್ಮ ಯೂಜೀನ್ ಅವತ್ತು ತಪ್ಪಿಸಿದ ಮೇಲೆ ಒಂದನ್ನೂ ನೋಡಿಲ್ಲ ನಾನು."

ಯೂಜೀನ್ ಅವಳ ಅಣ್ಣ, ಅಂದಿನ ಡ್ರಮ್‌ಕೀಲಿನ ನಾಯಕ. ಕೊನೆಯ ನಿಮಿಷದ ಫ್ರೀ ಕಿಕ್ಕನ್ನು ಗೋಲುಗಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹೊಡೆದಿದ್ದರೆ ಒಂದು ಪಾಯಿಂಟು ಸಿಕ್ಕಿ ಆಟ ಸಮವಾಗುತ್ತಿತ್ತು. ಚೆಂಡು ಕಂಬದ ಹೊರಗೆ ಹೋಗಿ ಯಾರದೋ ಕುರಿಗಳ ನಡುವೆ ಬಿದ್ದಿತ್ತು.

"ಬಿಳಿ ಬಾವುಟ ಎತ್ತಿದ್ರು," ಎಂದ ಮಲಾಕಿ. "ಪಾಯಿಂಟು ಬಂತು."

"ನಿನ್ನ ಬಾಯಿಗೆ ಸಕ್ಕರೆ ಹಾಕ. ಈಗ ಎಷ್ಟು?"

"ಒಂದು ಪಾಯಿಂಟು ಹಿಂದಿದೀರಿ." ಅವನು ಚಹಾದ ಲೋಟವನ್ನು ಪಕ್ಕದ ಕಿಟಕಿಯ ಕಟ್ಟೆಯ ಮೇಲಿಟ್ಟ. "ಅಟ್ರಾಕ್ಟಾ, ನಿನಗೊಂದು ಮಾತು ಹೇಳ್ಬೇಕಿತ್ತು."

"ಹೇಳು. ಕಣ್ಣು ಮಾತ್ರ ಆ ಕಡೆ ಇರ್ಲಿ."

ಹೀಗಾಗಿ ಐವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅವನು ಅವಳ ಮುಖ ನೋಡದೆ, ಎರಡೂ ತಂಡದ ಮೂವತ್ತು ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದುದನ್ನು ನೋಡುತ್ತ ಹೇಳಿದ. ಅಡಕಲು ಎರಡಿದ್ದವು ಎಂದ. ಬಲಗಡೆಯದು ಸರಿಯಾದದ್ದು ಎಂದ. ತನಗೆ ಗೊತ್ತಿತ್ತು, ಗೊತ್ತಿದ್ದೇ ಎಡಗಡೆಯದನ್ನು ಕಟ್ಟಿಕೊಟ್ಟೆ ಎಂದ. ನಿನ್ನನ್ನು ಜನ ಆಡಿಕೊಂಡದ್ದೆಲ್ಲ ನನ್ನಿಂದ, ಆಹ್ವಾನ ಪತ್ರಿಕೆಯನ್ನು ಮೇಣದ ಬತ್ತಿಗೆ ಹಿಡಿದದ್ದೂ ನನ್ನಿಂದಲೇ ಎಂದ. ನಡುವೆ ಎರಡು ಸಲ ನಿಲ್ಲಿಸಿ "ಹೊರಗೆ ಹೋಯ್ತು" ಎಂದೂ "ನಿಮ್ಮ ಗೋಲುಗಾರ ಹಿಡಿದ" ಎಂದೂ ಹೇಳಬೇಕಾಯಿತು. "ಅರ್ಧ ವಿರಾಮದಲ್ಲಿ ನಾವು ಇಳೀತೀವಿ. ನಿನಗೆ ಹೇಳದೆ ಇಳಿಯೋದಕ್ಕೆ ಮನಸ್ಸು ಒಪ್ಪಲಿಲ್ಲ. ನೀನು ಬೇಡ ಅಂದ್ರೆ ಮನೆಗೆ ಹೋಗ್ತೀನಿ," ಎಂದು ಮುಗಿಸಿದ.

"ಬೇಕಂತಲೇ ಕೊಟ್ಟೆಯಾ?" ಎಂದಳು ಅಟ್ರಾಕ್ಟಾ.

"ಬೇಕಂತಲೇ."

"ಕಳ್ಳ ನೀನು. ಅದಕ್ಕೇ ಮಸಿ ಹಾಗೆ ಹರಡ್ತಿತ್ತು."

"ಅರ್ಜಿಯಲ್ಲಿ?"

"ಎಂಥ ಅರ್ಜಿ? ನನ್ನ ಒಂದನೇ ಕ್ಲಾಸಿನ ಮಕ್ಕಳು ಎರಡು ವರ್ಷ ಅದರಲ್ಲಿ ಹಂದಿ, ಕೋಳಿ, ಪೋಪಿನ ಚಿತ್ರ ಬರೆದ್ರು. ನಿನ್ನ ಕಾಗದದಲ್ಲಿ ಅರ್ಜಿ ಬರೀಲೇ ಇಲ್ಲ ಮಲಾಕಿ ನಾನು."

ಮಲಾಕಿ ತಿರುಗಿದ. ಮೈದಾನದಲ್ಲಿ ಏನೋ ಆಯಿತು, ಜನ ಕೂಗಿದರು, ಅವನಿಗೆ ಕೇಳಲಿಲ್ಲ. "ಬರೀಲಿಲ್ವಾ?"

"ಇಲ್ಲ. ಇಂಗ್ಲಿಷರ ಊರು ಲೀಡ್ಸ್‌ನಲ್ಲಿದ್ದ ಚಿಕ್ಕಮ್ಮ ಕಳಿಸಿದ್ದ ನೀಲಿ ಪ್ಯಾಡ್ ಇತ್ತು ಮನೇಲಿ, ಅಂಚಿಗೆ ಹೂ ಬೇರೆ. ಅಂಚು ಕತ್ತರಿಸಿ ಅದರಲ್ಲೇ ಬರೆದೆ. ಅಂಗಡಿಗೆ ಬಂದಿದ್ದು ಬಾರ್ಟ್ ಕಾರಲ್ಲಿ ಕೂತು ಕಾಯ್ತಿದ್ದ ಅಂತ, ಅವನ ಕಣ್ಣಿಗೆ ಕೈಯಲ್ಲೊಂದು ಕಟ್ಟು ಕಾಣ್ಬೇಕಿತ್ತು." ಅವಳು ಈಗ ಅವನ ಕಡೆ ತಿರುಗಿದ್ದಳು, ಕನ್ನಡಕದೊಳಗಿನ ಕಣ್ಣುಗಳು ಪಿಳಿಪಿಳಿ ಎನ್ನುತ್ತಿದ್ದವು. "ಹಿಂದಿನ ದಿನ ಯೂಜೀನ್ ಹಟ್ಟೀಲಿ ಹಾಲು ಕರೀತಾ ಅಳ್ತಿದ್ದ. ಅಷ್ಟು ದೊಡ್ಡ ಗಂಡಸು, ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು. ಕಳಿಸ್ಬೇಡ ಅಟ್ರಾಕ್ಟಾ, ಕಪ್ಪು ಬಂದ್ರೆ ನಾಯಕ ಅಂತ ನಾನೇ ಎತ್ತಬೇಕು, ತಪ್ಪಿಸಿದವನು ನಾನೇ, ಹೇಗೆ ಎತ್ತಲಿ ಅಂದ. ಕಮಿಟಿಯವರು ಬಿಡ್ತಾರಾ? ಕಳಿಸ್ಲೇಬೇಕು ಅಂದ್ರು. ಸರಿ, ಕಳಿಸಿದೆ. ಗುರುತಿಲ್ಲದ್ದು ಕಳಿಸಿದೆ."

"ಆಮೇಲೆ ಜನ..."

"ನಗ್ಲಿ ಬಿಡು. ಆಟದಲ್ಲಿ ಸೋತಿದ್ವಿ, ನಾನೇ ಕಣ್ಣಾರೆ ನೋಡಿದ್ದೆ. ಪ್ರತಿ ಸಲ ಯಾರಾದ್ರೂ ಬ್ರೆಡ್ಡನ್ನ ಆಕಾಶಕ್ಕೆ ಹಿಡಿದಾಗ, ಇವರಿಗೆ ಗೊತ್ತಿಲ್ಲ ಅಂತ ನನಗೆ ಒಳಗೇ ಖುಷಿ. ಮದುವೆ ದಿನ ಎಷ್ಟು ನಕ್ಕೆ ಅಂದ್ರೆ ಮುಸುಕು ಜಾರಿಹೋಯ್ತು." ಥಟ್ಟನೆ ಹುಬ್ಬು ಗಂಟಿಕ್ಕಿದಳು. "ನೀನು ಈಗ ಮಧ್ಯೆ ಬಂದು, ಅದು ನನ್ನ ಕೆಲಸ, ನಾನು ಮಾಡಿದ್ದು ಅಂತೀಯಲ್ಲ. ಏನೂ ಮಾಡಿಲ್ಲ ನೀನು. ಯಾರ ಹತ್ರಾನೂ ಹೇಳ್ಕೊಂಡು ತಿರುಗಬೇಡ. ಯೂಜೀನ್ ಅಲ್ಲಿ ಮೇಲೆ ಕೂತಿದಾನೆ, ಅವನಿಗೂ ನಾನು ಹೇಳಿಲ್ಲ. ಅಂಗಡಿಯವರ ತಪ್ಪು ಅಂದ್ಕೊಂಡಿದಾನೆ, ಹಾಗೇ ಇರ್ಲಿ."

"ಅಂದ್ರೆ ನನ್ನ ಮೇಲೆ..."

"ಅಂಗಡಿಯವರ ಮೇಲೆ ಅಂದೆ, ನಿನ್ನ ಹೆಸರು ಎಲ್ಲಿ ಬಂತು? ನೀನು ಅಲ್ಲಿ ಕೆಲಸಕ್ಕಿದ್ದಿದ್ದು ಅವನಿಗೆ ನೆನಪೂ ಇಲ್ಲ." ಅವಳು ಕೈಚಾಚಿ ಅವನ ಟೈ ಸರಿಮಾಡಿದಳು. "ಹೋಗು, ಇಳಿ. ನಿನಗೋಸ್ಕರ ನಾನೇನು ಕಪ್ಪು ಬಿಟ್ಟುಕೊಡ್ಲಿಲ್ಲ, ಆದ್ರೂ ಹೋಗು."

ಅರ್ಧ ವಿರಾಮದ ಸೀಟಿ ಕೇಳಿಸಿತು. ಮಲಾಕಿ ಸುರಂಗದ ಕಡೆ ನಡೆದ. ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು, ಬೀಗ ಹಾಕಿ ಕಾಪಾಡಿದ ಪೆಟ್ಟಿಗೆಯನ್ನು ತೆರೆದರೆ ಒಳಗೆ ಏನೂ ಇಲ್ಲದವನಿಗೆ ಬರುವಂಥದ್ದು. ಮೂವತ್ತು ಜಪ ಮಾಡಿದ್ದೆನಲ್ಲ. ನಾಯಿಗೆ ಎರಡು ಸಲ ಅನ್ನ ಹಾಕಿದ್ದೆನಲ್ಲ. ಕೆಸರು ಬಳಿದುಕೊಂಡ ಪೇಟೆಯ ಹುಡುಗರು ಉಸಿರು ಬಿಡುತ್ತ ಎದುರಿಗೆ ಬಂದು ಒಳಗೆ ಹೋದರು, ಅವರಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತಾಗ ಅವನಿಗೆ ಒಂದು ಮಾತು ಹೊಳೆಯಿತು, ಹೊಳೆದು ಮುಖ ಬಿಸಿಯಾಯಿತು. ಇಷ್ಟು ವರ್ಷ ತಾನು ಹೊತ್ತು ತಿರುಗಿದ್ದು ಪಾಪವನ್ನಲ್ಲ. ಮೂಲೆಯಲ್ಲಿ ಕೂತು ಲೋಟ ನೋಡುತ್ತ, ಗೋಲು ಹೊಡೆದವರ ನಡುವೆ, ಕಪ್ಪು ಗೆಲ್ಲಿಸಿದವನು ನಾನೇ ಎಂದು ಮೆಲುಕು ಹಾಕುತ್ತಿದ್ದನಲ್ಲ, ಅದು ಪಶ್ಚಾತ್ತಾಪವಾಗಿರಲಿಲ್ಲ. ಜಂಬ, ಬರೀ ಜಂಬ. ಆ ಜಂಬಕ್ಕೆ ಕರಿ ಕೋಟು ತೊಡಿಸಿ ಪ್ರತಿ ಭಾನುವಾರ ಚರ್ಚಿಗೆ ಕರೆದುಕೊಂಡು ಹೋಗಿದ್ದ. ಇದನ್ನು ಯಾವ ಫಾದರಿಗೂ ಹೇಳುವಂತಿರಲಿಲ್ಲ, ಹೇಳಿದರೆ ಈ ಸಲ ಬೆಂಚೇ ಮುರಿದುಬೀಳುತ್ತಿತ್ತು. ಅವನಿಗೆ ಅಲ್ಲೇ, ಸುರಂಗದ ಕತ್ತಲಲ್ಲಿ, ನಗು ಬಂತು.

"ಏನಾಯ್ತು ನಿಮಗೆ?" ಎಂದ ಡೆಕ್ಲನ್. "ಸಾಲಲ್ಲಿ ನಿಂತ್ಕೊಳ್ಳಿ. ನೀವು ಕೊನೆಗೆ."

ಹುಲ್ಲು ಒದ್ದೆಯಾಗಿತ್ತು. ಹನ್ನೆರಡು ಮುದುಕರು ಹುಷಾರಾಗಿ ಹೆಜ್ಜೆ ಇಡುತ್ತ ನಡುಗೆರೆಯ ಮೇಲೆ ಬಂದು ನಿಂತರು. ಧ್ವನಿವರ್ಧಕದಲ್ಲಿ ಹೆಸರು ಓದುತ್ತಿದ್ದವಳು ಯಾರೋ ಪೇಟೆಯ ಹುಡುಗಿ, ಆ ಆಟದ ಕಾಲಕ್ಕೆ ಅವಳ ತಾಯಿಯೂ ಹುಟ್ಟಿರಲಾರಳು. ಎರಡು ಕೋಲಿನ ಗೋಲುಗಾರನ ಹೆಸರು ಓದಿ, "ಕೊನೆಯ ಹತ್ತು ನಿಮಿಷದಲ್ಲಿ ಮೂರು ಹೊಡೆತ ತಡೆದವರು," ಎಂದಳು. ಅವನು ಒಂದು ಕೋಲೆತ್ತಿದ, ಜನ ಕೂಗಿದರು. ಒಬ್ಬೊಬ್ಬರಿಗೂ ಒಂದೊಂದು ಸಾಲು: ನಾಲ್ಕು ಪಾಯಿಂಟು, ಮುರಿದ ಮೂಗು, ಕಾನ್ ಮಗೋವನ್‌ಗೆ ಚೆಂಡು ದಾಟಿಸಿದ ಕಾಲು. ಸಾಲು ಮುಗಿಯುತ್ತ ಬಂತು. ಕೆಂಪು ಟೊಪ್ಪಿಗಳ ನಡುವೆ ಅಟ್ರಾಕ್ಟಾ ಈಗ ತನ್ನ ಜಾಗದಲ್ಲಿ ಕೂತು ಪಕ್ಕದ ಯೂಜೀನನ ಜೊತೆ ಮೊದಲರ್ಧದ ಬಗ್ಗೆ ಏನೋ ಜಗಳವಾಡುತ್ತಿದ್ದಳು, ಮೈದಾನದ ಕಡೆ ನೋಡುತ್ತಲೂ ಇರಲಿಲ್ಲ.

"ಇಪ್ಪತ್ತನೇ ನಂಬರು, ಮಲಾಕಿ ಗಿಲ್‌ಹೂಲಿ," ಎಂದಳು ಹುಡುಗಿ. "ಬದಲಿ ಆಟಗಾರರು." ಹಾಳೆ ಮಗುಚುವ ಸದ್ದು ಧ್ವನಿವರ್ಧಕದಲ್ಲಿ ಇಡೀ ಮೈದಾನಕ್ಕೆ ಕೇಳಿಸಿತು. ಮುಂದಿನ ಹಾಳೆಯಲ್ಲಿ ಹುಡುಕಿದಳು, ಮತ್ತೆ ಹಿಂದಕ್ಕೆ ಬಂದಳು. "ಇವರು... ಆಡಲಿಲ್ಲ ಅಂತ ಬರೆದಿದೆ."

ನಾಲ್ಕು ಸಾವಿರ ಜನ ಒಟ್ಟಿಗೆ ನಕ್ಕರು. ಗೋಲುಗಾರ ನಗುತ್ತ ಕೋಲಿನಿಂದ ಅವನ ಕಾಲಿಗೆ ತಿವಿದ. ಸ್ಟ್ಯಾಂಡಿನಲ್ಲಿ ನೋರೀನ್ ಎದ್ದು ನಿಂತು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ಅದು ಅವಳಿಗೆ ಬರುತ್ತದೆಂದು ಇವನಿಗೆ ಇವತ್ತಿನ ತನಕ ಗೊತ್ತಿರಲಿಲ್ಲ. ಹುಡುಗಿ ಓದಿದ್ದು ಅಕ್ಷರಕ್ಕೆ ಅಕ್ಷರ ನಿಜ, ಅದರ ಹಿಂದೆ ಒಳಗೊಳಗೇ ಅಂದುಕೊಳ್ಳುವುದಕ್ಕೆ ಇನ್ನು ಒಂದು ಮಾತೂ ಉಳಿದಿರಲಿಲ್ಲ. ಮಲಾಕಿ ಗಿಲ್‌ಹೂಲಿ ಎರಡೂ ಕೈಗಳನ್ನು ಮೇಲೆತ್ತಿದ, ಕೊನೆಯ ನಿಮಿಷದಲ್ಲಿ ಗೋಲು ಹೊಡೆದವನ ಹಾಗೆ, ಮತ್ತು ನಗು ನಿಲ್ಲುವವರೆಗೂ ಇಳಿಸಲಿಲ್ಲ.